ರಾಜಕೀಯ ಕಾಮಿಡಿ ನೋಡಿ ಮಾತಿನ ಇಂಗ್ಲಿಷ್ ಕಲಿತದ್ದು: ನನ್ನ ಅನುಭವ

ಇಂಗ್ಲಿಷ್ ಪೇಪರ್ ಓದಿದರೆ ಸಲೀಸಾಗಿ ಅರ್ಥವಾಗುತ್ತದೆ, ಮೇಲ್ ಬರೆಯುವುದೂ ಕಷ್ಟವಿಲ್ಲ, ಆದರೆ ಇಂಗ್ಲಿಷ್ ಮನೆಮಾತಾಗಿರುವ ಇಬ್ಬರು ಸುಮ್ನೆ ಹರಟುತ್ತಾ ಕೂತರೆ ತಲೆಬುಡ ತಿಳಿಯುವುದಿಲ್ಲ. ತುಂಬ ಜನರ ಪಾಡು ಇದು. ನನ್ನದೂ ಹಾಗೇ ಇತ್ತು. ನಾವು ಓದಿ ಕಲಿತದ್ದು ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್. ಅವರ ಬಾಯಲ್ಲಿ ಬರುವುದು ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು. ಮೂರೂ ಸೇರಿದರೆ ಸಹಿಸಿಕೊಳ್ಳುವುದು ಅಂತ ಹೇಗಾಗುತ್ತದೆ ಎಂದು ಡಿಕ್ಷನರಿ ಹಿಡಿದು ಕೂತರೆ ಬಗೆಹರಿಯಲ್ಲ. ಈ ಥರದ ಮಾತುಗಳು ನನ್ನ ನಾಲಿಗೆಗೆ ಹತ್ತಿದ್ದು ಬ್ರಿಟನ್ ಮತ್ತು ಅಮೆರಿಕದ ರಾಜಕೀಯ ಕಾಮಿಡಿ ನೋಡುವುದಕ್ಕೆ ಶುರು ಮಾಡಿದ ಮೇಲೆ.

ಸಿನಿಮಾ ನೋಡಿದರೂ ಕಲಿಯಬಹುದಲ್ವಾ ಅಂತ ಕೇಳಬಹುದು. ಖಂಡಿತ ಕಲಿಯಬಹುದು. ಆದರೆ ರಾಜಕೀಯ ಕಾಮಿಡಿಯಲ್ಲಿ ಒಂದೇ ಸಂಗತಿ ಎರಡು ಸಲ ಬರುತ್ತದೆ, ಅದೇ ಅದರ ಲಾಭ. ಮೊದಲು ರಾಜಕಾರಣಿಯ ಕ್ಲಿಪ್. ಅದು ನಾವು ಓದಿ ಬಲ್ಲ ಇಂಗ್ಲಿಷ್. ಮರುಕ್ಷಣವೇ ನಿರೂಪಕ ಅದನ್ನು ಮನೆಮಾತಿಗೆ ಇಳಿಸುತ್ತಾನೆ. ಅಲ್ಲಿ 'ಮಿಸ್ಟೇಕ್ಸ್ ವರ್ ಮೇಡ್' ಅಂದರೆ ಇಲ್ಲಿ 'ಯು ಮೆಸ್ಡ್ ಅಪ್'. ಅಲ್ಲಿ 'ಕುಟುಂಬದ ಜತೆ ಹೆಚ್ಚು ಸಮಯ ಕಳೆಯಲು ರಾಜೀನಾಮೆ ಕೊಟ್ಟರು' ಅಂದರೆ ಇಲ್ಲಿ 'ಹಿ ಗಾಟ್ ಕಿಕ್ಡ್ ಔಟ್'. ಗೊತ್ತಿರುವ ಮಾತಿನ ಪಕ್ಕದಲ್ಲೇ ಗೊತ್ತಿಲ್ಲದ್ದು ಬರುವುದರಿಂದ ಅರ್ಧಕ್ಕರ್ಧ ಊಹೆಯಲ್ಲೇ ಸಿಗುತ್ತದೆ. ಅಮೆರಿಕದ 'ದ ಡೈಲಿ ಶೋ' 1996ರಲ್ಲಿ ಶುರುವಾಯಿತು. 1999ರಿಂದ 2015ರವರೆಗೆ ಜಾನ್ ಸ್ಟೂವರ್ಟ್ ಅದನ್ನು ನಡೆಸಿಕೊಟ್ಟಾಗ ಹೀಗೆ ಕ್ಲಿಪ್ ತೋರಿಸಿ ಅದಕ್ಕೆ ಮಾತು ಕೊಡುವ ಶೈಲಿ ಜನಪ್ರಿಯವಾಯಿತು. ಈಗ ಆ ಥರದ ತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ.

ಆದರೆ ನಾನು ಅಲ್ಲಿಂದ ಶುರು ಮಾಡಲಿಲ್ಲ. ಆ ವೇಗಕ್ಕೆ ಕಿವಿ ಹೊಂದಿಕೊಳ್ಳಬೇಕು, ಅವರ ನಿನ್ನೆ ಮೊನ್ನೆಯ ಸುದ್ದಿಯೂ ಗೊತ್ತಿರಬೇಕು. ಮೊದಲು ಹಿಡಿದದ್ದು ಬಿಬಿಸಿಯ ಹಳೆಯ ಕಾಮಿಡಿ ಧಾರಾವಾಹಿ 'ಯೆಸ್ ಮಿನಿಸ್ಟರ್'. 1980ರಲ್ಲಿ ಶುರುವಾದದ್ದು. ಆಮೇಲೆ 'ಯೆಸ್, ಪ್ರೈಮ್ ಮಿನಿಸ್ಟರ್' ಆಗಿ 1988ರವರೆಗೆ ಬಂತು. ಕಂತುಗಳು ಹೆಚ್ಚುಕಡಿಮೆ ಅರ್ಧರ್ಧ ಗಂಟೆಯವು. ಮಂತ್ರಿ ಜಿಮ್ ಹ್ಯಾಕರ್ ಯಾವ ಪಾರ್ಟಿಯವನು ಅಂತ ಎಲ್ಲೂ ಹೇಳುವುದಿಲ್ಲ, ಹಾಗಾಗಿ ಆ ಕಾಲದ ರಾಜಕೀಯ ಗೊತ್ತಿಲ್ಲದಿದ್ದರೂ ಕಥೆ ಹಿಡಿಯುತ್ತದೆ. ಐನೂರು ಸಿಬ್ಬಂದಿ ಇದ್ದೂ ಒಬ್ಬನೇ ಒಬ್ಬ ರೋಗಿ ಇಲ್ಲದ ಆಸ್ಪತ್ರೆಯ ಕಂತು ಇದೆ. ಆ ಸಂಗತಿ ಯಾವ ದೇಶದವರಿಗೂ ವಿವರಿಸಿ ಹೇಳಬೇಕಿಲ್ಲ.

ಅದರ ಮೂರು ಪಾತ್ರಗಳ ಮಾತೇ ಒಂದು ಪಾಠ. ಕಾರ್ಯದರ್ಶಿ ಸರ್ ಹಂಫ್ರಿ ಬಾಯಿ ತೆಗೆದರೆ ಕೊನೆ ಮೊದಲಿಲ್ಲದ ಆಫೀಸು ಭಾಷೆ, ಹ್ಯಾಕರ್ ಆಡುವುದು ಸಾದಾ ಇಂಗ್ಲಿಷ್. ಆಪ್ತ ಕಾರ್ಯದರ್ಶಿ ಬರ್ನಾರ್ಡ್‌ಗೆ ಇನ್ನೊಂದು ಚಾಳಿ. ಮಂತ್ರಿ ಎರಡು ನುಡಿಗಟ್ಟು ಬೆರೆಸಿ ಮಾತಾಡಿದರೆ ಅವು ಹೇಗೆ ಒಂದಕ್ಕೊಂದು ಹೊಂದುವುದಿಲ್ಲ ಅಂತ ಬಿಡಿಸಿ ಹೇಳುತ್ತಾನೆ. ಕಲಿಯುವವರಿಗೆ ಇವನು ಒಳ್ಳೆಯ ಮೇಷ್ಟ್ರು. ಹಂಫ್ರಿಯ ಉದ್ದ ವಾಕ್ಯಗಳನ್ನು ಅವು ಹೋದಂತೆ ಹೋಗಲು ಬಿಟ್ಟೆ. ಅದು ಮುಗಿದ ಮೇಲೆ ಹ್ಯಾಕರ್ 'ಅಂದರೆ ನೀವು ಹೇಳುತ್ತಿರುವುದು ಇದಾ?' ಅಂತ ಕೇಳುತ್ತಾನಲ್ಲ, ಆ ಒಂದು ಸಾಲನ್ನು ಬರೆದುಕೊಂಡೆ. ದಿನಬಳಕೆಗೆ ಬೇಕಾದ ಮಾತು ಇರುವುದು ಅಲ್ಲಿ.

ಮೆಚ್ಚುವ ಮಾತು ಎಚ್ಚರಿಕೆ ಆಗುವುದನ್ನೂ ಇದರಲ್ಲೇ ನೋಡಿದೆ. ಒಂದು ನಿರ್ಧಾರಕ್ಕೆ 'ಕಾಂಟ್ರವರ್ಷಿಯಲ್' ಅಂದರೆ ಮತ ಕಳೆದುಕೊಳ್ಳುತ್ತೀರಿ, 'ಕರೇಜಿಯಸ್' ಅಂದರೆ ಚುನಾವಣೆಯೇ ಹೋಗುತ್ತದೆ, ಇದು ಹಂಫ್ರಿಯ ಲೆಕ್ಕ. ಈಗ ಮೀಟಿಂಗಿನಲ್ಲಿ ಬ್ರಿಟಿಷ್ ಸಹೋದ್ಯೋಗಿ 'ದಟ್ಸ್ ಎ ಬ್ರೇವ್ ಐಡಿಯಾ' ಅಂದರೆ ನಾನು ಥ್ಯಾಂಕ್ಸ್ ಹೇಳುವ ಬದಲು ಏನು ತೊಂದರೆ ಕಾಣುತ್ತಿದೆ ಅಂತ ಕೇಳುತ್ತೇನೆ. ಯಾವ ವ್ಯಾಕರಣದ ಪುಸ್ತಕದಲ್ಲೂ ಇದು ಸಿಕ್ಕಿರಲಿಲ್ಲ.

ನಾನು ಕಂಡುಕೊಂಡ ಇನ್ನೊಂದು ಉಪಾಯಕ್ಕೆ ಸಹಾಯ ಮಾಡುವುದು ಪ್ರೇಕ್ಷಕರ ನಗು. ಅವರು ನಕ್ಕರು, ನನಗೆ ನಗು ಬರಲಿಲ್ಲ ಅಂದರೆ ನನಗೆ ಗೊತ್ತಿಲ್ಲದ ಮಾತು ಹಿಂದಿನ ಕೆಲವೇ ಸೆಕೆಂಡಿನಲ್ಲಿ ಎಲ್ಲೋ ಇದೆ ಅಂತ ಅರ್ಥ. ಅಷ್ಟನ್ನೇ ಹಿಂದೆ ಸರಿಸಿ ಮತ್ತೆ ಕೇಳುತ್ತೇನೆ. ಜೋಕಿನ ಮುಖ್ಯ ಪದವನ್ನು ಸಾಮಾನ್ಯವಾಗಿ ವಾಕ್ಯದ ಕೊನೆಗೇ ಇಡುತ್ತಾರೆ, ಆದ್ದರಿಂದ ಹುಡುಕುವುದು ಸುಲಭ. ಎರಡು ಸಲ ಬರೀ ಕಿವಿಯಿಂದ ಕೇಳಿ, ಸಿಗದಿದ್ದರೆ ಮಾತ್ರ ಸಬ್‌ಟೈಟಲ್ ಹಾಕುತ್ತೇನೆ. ಮೊದಲೇ ಹಾಕಿಬಿಟ್ಟರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ.

ಹೊಸ ಕಾರ್ಯಕ್ರಮಗಳಿಗೆ ಬಂದಾಗ ಕ್ರಮ ಸ್ವಲ್ಪ ಬದಲಾಯಿಸಿದೆ. ಆ ಸುದ್ದಿಯನ್ನು ಮೊದಲು ಓದಿಕೊಳ್ಳುತ್ತೇನೆ, ಕನ್ನಡದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ವಿಷಯ ಗೊತ್ತಿದ್ದರೆ ಗಮನ ಪೂರ್ತಿ ಭಾಷೆಯ ಮೇಲೆ ಇರುತ್ತದೆ. ಅಮೆರಿಕದ ಟಿವಿಯ ಕಾಮಿಡಿ ನಿರೂಪಕ ಜಾನ್ ಆಲಿವರ್ 2014ರಲ್ಲಿ ನೆಟ್ ನ್ಯೂಟ್ರಾಲಿಟಿ ಬಗ್ಗೆ, ಅಂದರೆ ಇಂಟರ್ನೆಟ್ ಕಂಪನಿಗಳು ಯಾವ ವೆಬ್‌ಸೈಟಿಗೂ ಭೇದ ಮಾಡಬಾರದು ಅನ್ನುವ ತತ್ವದ ಬಗ್ಗೆ, ಮಾಡಿದ ಕಾರ್ಯಕ್ರಮವನ್ನು ಹೀಗೇ ನೋಡಿದ್ದು. ಇಂಟರ್ನೆಟ್ ಕಂಪನಿಗಳನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿಗೆ ಆಗ ಟಾಮ್ ವೀಲರ್ ಮುಖ್ಯಸ್ಥರಾಗಿದ್ದರು. ಅವರು ಹಿಂದೆ ಕೇಬಲ್ ಕಂಪನಿಗಳ ಪರ ಲಾಬಿ ಮಾಡುತ್ತಿದ್ದವರು. ಅವರನ್ನು ನೇಮಿಸಿದ್ದು ಮಗು ನೋಡಿಕೊಳ್ಳಲು ಡಿಂಗೋ ಇಟ್ಟುಕೊಂಡ ಹಾಗೆ ಅಂದರು ಆಲಿವರ್. ಡಿಂಗೋ ಅಂದರೆ ಆಸ್ಟ್ರೇಲಿಯಾದ ಕಾಡುನಾಯಿ. ಅದು ಗೊತ್ತಾದ ತಕ್ಷಣ ನನ್ನ ತಲೆಯಲ್ಲಿ 'ಕುರಿ ಕಾಯೋಕೆ ತೋಳ' ಅನ್ನುವ ನಮ್ಮ ಮಾತು ಬಂತು, ಇಡೀ ವಾಕ್ಯ ಕೂತುಬಿಟ್ಟಿತು. ಆಮೇಲೆ ವೀಲರ್ ತಾವೇ ಪತ್ರಕರ್ತರ ಮುಂದೆ 'ನಾನು ಡಿಂಗೋ ಅಲ್ಲ' ಅಂದರು. ಹಾಗಂತ ನಾನು ಬರೆದುಕೊಂಡದ್ದು ಡಿಂಗೋ ಅಲ್ಲ. ಬೇಬಿಸಿಟರ್, ಫಾಸ್ಟ್ ಲೇನ್, ಇಂಥವು. ಡಿಂಗೋ ನಗುವುದಕ್ಕೆ, ಬೇಬಿಸಿಟರ್ ನಾಳೆ ಬೆಳಿಗ್ಗೆ ಬೇಕಾಗುವುದಕ್ಕೆ.

ಏನನ್ನು ಬಿಡಬೇಕು ಅನ್ನುವುದೂ ಮುಖ್ಯ. ಈ ಕಾರ್ಯಕ್ರಮಗಳಲ್ಲಿ ಬೈಗುಳ ಜಾಸ್ತಿ. ಅರ್ಥ ತಿಳಿದಿರಲಿ, ಬಾಯಿಗೆ ಬರುವುದು ಬೇಡ. ಎಷ್ಟು ಖಾರ, ಯಾರ ಮುಂದೆ ಆಡಬಹುದು ಅನ್ನುವುದು ಪರಭಾಷೆಯವರಿಗೆ ಬೇಗ ತಿಳಿಯುವುದಿಲ್ಲ. ಕಾಮಿಡಿಯವರೇ ಹುಟ್ಟಿಸಿದ ಪದಗಳೂ ಅಷ್ಟೆ. 'ದ ಥಿಕ್ ಆಫ್ ಇಟ್' ಎಂಬ ಬ್ರಿಟಿಷ್ ಧಾರಾವಾಹಿಯಲ್ಲಿ ಬಂದ 'ಆಮ್ನಿಶ್ಯಾಂಬಲ್ಸ್' ಅನ್ನುವ ಪದವನ್ನು ಆಕ್ಸ್‌ಫರ್ಡ್ ಡಿಕ್ಷನರಿಯವರು 2012ರ ಬ್ರಿಟನ್ನಿನ ವರ್ಷದ ಪದ ಅಂತ ಆರಿಸಿದರು. ಚೆಂದದ ಪದವೇ, ಆದರೆ ದಿನಬಳಕೆಗೆ ಅದರೊಳಗಿನ 'ಶ್ಯಾಂಬಲ್ಸ್' ಸಾಕು. ಎಲ್ಲ ಎಕ್ಕುಟ್ಟಿ ಹೋಗಿದೆ ಅನ್ನುವುದಕ್ಕೆ 'ಇಟ್ಸ್ ಎ ಶ್ಯಾಂಬಲ್ಸ್' ಅಂತ ಬ್ರಿಟನ್ನಿನವರು ದಿನಾ ಹೇಳುತ್ತಾರೆ.

ಬರೆದುಕೊಳ್ಳುವ ರೀತಿ ಸರಳ. ನೋಟ್‌ಬುಕ್ಕಿನ ಎಡಕ್ಕೆ ಆಫೀಸು ಮಾತು, ಬಲಕ್ಕೆ ಬಾಯಿಮಾತು. 'ಡಿಕ್ಲೈನ್ಡ್ ಟು ಆನ್ಸರ್' ಎದುರಿಗೆ 'ಡಾಜ್ಡ್ ದ ಕ್ವೆಶ್ಚನ್'. 'ರಿಸೈನ್' ಎದುರಿಗೆ 'ಸ್ಟೆಪ್ ಡೌನ್'. 'ಎಸ್ಕೇಪ್ಡ್ ಪನಿಶ್‌ಮೆಂಟ್' ಎದುರಿಗೆ 'ಗಾಟ್ ಅವೇ ವಿತ್ ಇಟ್'. ಕನ್ನಡ ಅರ್ಥ ಬರೆಯುವುದಿಲ್ಲ, ಅದರ ಬದಲು ನನ್ನದೇ ಬದುಕಿನ ಒಂದು ವಾಕ್ಯ ಬರೆಯುತ್ತೇನೆ. ಆಮೇಲೆ ಆ ಸಾಲನ್ನು ನಿರೂಪಕನ ಏರಿಳಿತದಲ್ಲೇ ಜೋರಾಗಿ ಹೇಳುತ್ತೇನೆ. ವ್ಯಂಗ್ಯ ಇರುವುದು ಆ ಏರಿಳಿತದಲ್ಲಿ. 'ಬ್ರಿಲಿಯಂಟ್' ಅನ್ನುವುದನ್ನೇ ಎಳೆದು, ದನಿ ಇಳಿಸಿ ಹೇಳಿದರೆ 'ಕೆಟ್ಟಿತು' ಅಂತ ಅರ್ಥ. ಓದಿ ಕಲಿತವರಿಗೆ ಈ ವ್ಯತ್ಯಾಸ ಕೇಳಿಸುವುದೇ ಇಲ್ಲ.

ಹೊಸದಾಗಿ ಶುರು ಮಾಡುವವರು 'ಯೆಸ್ ಮಿನಿಸ್ಟರ್'ನ ಒಂದು ಕಂತನ್ನು ಆರಿಸಿಕೊಳ್ಳಿ. ಮೊದಲ ಸಲ ಕಥೆಗೆ, ಎರಡನೇ ಸಲ ಹ್ಯಾಕರ್ ಮಾತಿಗೆ ನೋಡಿ. ಪ್ರೇಕ್ಷಕರು ನಕ್ಕು ನಿಮಗೆ ನಗು ಬರದ ಜಾಗಗಳಲ್ಲಿ ಮಾತ್ರ ನಿಲ್ಲಿಸಿ. ಪ್ರತಿ ಸಾಲಿಗೂ ನಿಲ್ಲಿಸಿದರೆ ಅದು ಹೋಮ್‌ವರ್ಕ್ ಆಗುತ್ತದೆ, ಮುಂದಿನ ಕಂತು ನೋಡಲು ಮನಸ್ಸೇ ಬರುವುದಿಲ್ಲ.