ಕಣ್ಣಿಗೆ ಕಾಣದ ಕಲೆಯನ್ನು ನೋಡುವುದು ಹೇಗೆ?

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಕಾನ್ಸೆಪ್ಚುವಲ್ ಆರ್ಟ್ ಅಂದರೇನು ಎಂದು ಯಾರಾದರೂ ಕೇಳಿದರೆ ಮೊದಲು ಒಂದು ಡ್ರಾಯಿಂಗ್ ಶೀಟು, 2ಎಚ್ ಪೆನ್ಸಿಲ್, ಉದ್ದನೆಯ ಸ್ಕೇಲು ತನ್ನಿ ಅನ್ನುತ್ತೇನೆ. ಮಾಡಿದ ವಸ್ತುವಿಗಿಂತ ಅದರ ಹಿಂದಿನ ಐಡಿಯಾವೇ ಮುಖ್ಯ ಅನ್ನುವ ಕಲೆ ಅದು. ಇತಿಹಾಸ ಆಮೇಲೆ ನೋಡೋಣ.

ಅಮೆರಿಕದ ಕಲಾವಿದ ಸೋಲ್ ಲೆವಿಟ್ 1971ರಲ್ಲಿ ಬಾಸ್ಟನ್ನಿನ ಒಂದು ಕಲಾಶಾಲೆಗೆ ಬರೆದುಕೊಟ್ಟ ಕೃತಿಯಿಂದ ಶುರು ಮಾಡಿ. ಅದರ ಸೂಚನೆ ಹೆಚ್ಚುಕಡಿಮೆ ಹೀಗಿದೆ: ಗೋಡೆಯ ಮೇಲೆ ಗಟ್ಟಿ ಪೆನ್ಸಿಲಿನಿಂದ 50 ಚುಕ್ಕಿ ಎಲ್ಲೆಂದರಲ್ಲಿ ಇಡಿ. ಚುಕ್ಕಿಗಳು ಗೋಡೆಯ ತುಂಬ ಸಮನಾಗಿ ಹರಡಿರಲಿ. ಎಲ್ಲ ಚುಕ್ಕಿಗಳನ್ನೂ ನೇರ ಗೆರೆಗಳಿಂದ ಸೇರಿಸಿ.

ಪ್ರತಿ ಚುಕ್ಕಿಯನ್ನೂ ಉಳಿದ ಎಲ್ಲ ಚುಕ್ಕಿಗಳಿಗೆ ಸೇರಿಸಿದರೆ 1,225 ಗೆರೆ ಬೇಕು. ಶೀಟಿನ ಮೇಲೆ 12 ಚುಕ್ಕಿ ಸಾಕು, 66 ಗೆರೆಗೆ ಮುಗಿಯುತ್ತದೆ. ಚುಕ್ಕಿಗಳಿಗೆ ನಂಬರ್ ಹಾಕಿಕೊಳ್ಳಿ. ಒಂದರಿಂದ 11 ಗೆರೆ, ಎರಡರಿಂದ 10, ಹೀಗೆ ಇಳಿಯುತ್ತ ಹೋಗಿ. ನಂಬರ್ ಇಲ್ಲದಿದ್ದರೆ ಯಾವ ಗೆರೆ ಬಿಟ್ಟುಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಕೆಲಸಕ್ಕೆ ಕೂತ ತಕ್ಷಣ ಮಕ್ಕಳು ತಕರಾರು ತೆಗೆಯುತ್ತಾರೆ. ‘ಸಾರ್, ಎಲ್ಲೆಂದರಲ್ಲಿ ಇಡೋದಾದ್ರೆ ಸಮನಾಗಿ ಹೇಗಿರುತ್ತೆ?’ ನಾನು ಉತ್ತರ ಹೇಳುವುದಿಲ್ಲ. ಆ ತೀರ್ಮಾನವನ್ನು ಲೆವಿಟ್ ಬಿಡಿಸುವವರಿಗೇ ಬಿಟ್ಟಿದ್ದಾರೆ. ಒಂದೇ ಸೂಚನೆಯನ್ನು ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಗಳಲ್ಲಿ ‘15ರಿಂದ 8, ಸಂದು ಚುಕ್ಕಿ’ ಅಂದರೆ ಸಾಕು, ರಂಗೋಲಿ ಒಂದು ಅಂಗಳದಿಂದ ಇನ್ನೊಂದಕ್ಕೆ ಹೋಗುತ್ತದಲ್ಲ, ಹಾಗೆ. ಲೆವಿಟ್ ತಮ್ಮ ಮೊದಲ ಗೋಡೆ ಚಿತ್ರವನ್ನು 1968ರಲ್ಲಿ ನ್ಯೂಯಾರ್ಕಿನ ಪೌಲಾ ಕೂಪರ್ ಗ್ಯಾಲರಿಯಲ್ಲಿ ಮಾಡಿದರು. ಆಮೇಲೆ ಗೋಡೆಗೆ ಬಣ್ಣ ಬಳಿದು ಅದನ್ನು ಅಳಿಸಲಾಯಿತು. ಅವರು ತೀರಿಕೊಂಡದ್ದು 2007ರಲ್ಲಿ. ಮರುವರ್ಷ ಮ್ಯಾಸಚೂಸೆಟ್ಸಿನ ಮಾಸ್ ಮೋಕಾ ಮ್ಯೂಸಿಯಮ್ಮಿನಲ್ಲಿ ಅವರ 105 ಗೋಡೆ ಚಿತ್ರಗಳು ಬೇರೆಯವರ ಕೈಯಿಂದ ಮೂಡಿದವು.

ಈಗ ಹಿಂದಕ್ಕೆ ಹೋಗಬಹುದು. 1917ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂಪ್ ಅಂಗಡಿಯ ಮೂತ್ರದ ಬೇಸಿನ್ನಿಗೆ ಸುಳ್ಳು ಸಹಿ ಹಾಕಿ ಕಲಾಕೃತಿಯೆಂದು ನ್ಯೂಯಾರ್ಕಿನ ಪ್ರದರ್ಶನಕ್ಕೆ ಕಳಿಸಿದರು. ಆ ಕಥೆ ಎಲ್ಲರೂ ಹೇಳುತ್ತಾರೆ. 1961ರಲ್ಲಿ ಅಮೆರಿಕದ ಕಲಾವಿದ ಹೆನ್ರಿ ಫ್ಲಿಂಟ್ ‘ಕಾನ್ಸೆಪ್ಟ್ ಆರ್ಟ್’ ಎಂಬ ಹೆಸರು ಬಳಸಿದರು. 1967ರಲ್ಲಿ ಲೆವಿಟ್, ಐಡಿಯಾವೇ ಕಲೆಯನ್ನು ತಯಾರಿಸುವ ಯಂತ್ರ ಎಂದು ಬರೆದರು. ಹೊರಟ ದಾರಿ ತಿಳಿಯಲು ಇಷ್ಟು ಸಾಕು.

ಇನ್ನು ಏನೂ ಕಾಣದ ಕೃತಿಗಳ ಮುಂದೆ ನಿಂತಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಕೃತಿಯನ್ನು ವಿವರಿಸುವ ಮಾತಿನಲ್ಲಿ ಏನಿದೆ? ನಿಜವಾಗಿ ನಡೆದದ್ದೇನು?

ಅಮೆರಿಕದ ಕಲಾವಿದ ರಾಬರ್ಟ್ ಬ್ಯಾರಿ 1969ರಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಗೆ ಹೋಗಿ ಹೀಲಿಯಂ ಅನಿಲ ಬಿಟ್ಟರು. ಫೋಟೋದಲ್ಲಿ ಬರೀ ಮರುಭೂಮಿ ಕಾಣುತ್ತದೆ. ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಳತೆಯ ಪಾತ್ರೆಯಿಂದ ಅಳತೆಯೇ ಇಲ್ಲದ ಕಡೆಗೆ ಹರಡುವುದು, ಅದೇ ಕೃತಿ. ಹೀಲಿಯಂ ಬೇರೆ ವಸ್ತುವಿನ ಜೊತೆ ಸುಲಭಕ್ಕೆ ಬೆರೆತು ಬದಲಾಗುವುದಿಲ್ಲ. ಅದಕ್ಕೇ ಈ ಆಯ್ಕೆ ನನಗೆ ಬಹಳ ಇಷ್ಟ. ಸುಮ್ನೆ ‘ಗಾಳಿ ಬಿಟ್ಟೆ’ ಅಂದಿದ್ದರೆ ಕೃತಿ ಇಷ್ಟು ಗಟ್ಟಿಯಾಗಿರುತ್ತಿರಲಿಲ್ಲ, ಅಲ್ವಾ?

ಫ್ರೆಂಚ್ ಕಲಾವಿದ ಈವ್ ಕ್ಲೈನ್ ಪ್ಯಾರಿಸ್ಸಿನಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗವನ್ನೇ ಕಲಾಕೃತಿಯೆಂದು ಚಿನ್ನಕ್ಕೆ ಮಾರಿದರು. ಕೊಂಡವರಿಗೆ ರಸೀದಿ ಸಿಗುತ್ತಿತ್ತು. ಅವರು ಅದನ್ನು ಸುಟ್ಟರೆ ಕ್ಲೈನ್ ಅರ್ಧ ಚಿನ್ನವನ್ನು ಸೇನ್ ನದಿಗೆ ಎಸೆಯಬೇಕು, ಸಾಕ್ಷಿಗಳ ಮುಂದೆ. 1962ರಲ್ಲಿ ಅದು ನಡೆಯಿತು. ಇಬ್ಬರ ಕೈಯಿಂದಲೂ ಏನೋ ಹೋಯಿತು ಅನ್ನುವುದನ್ನು ಗಮನಿಸಿ. ಈ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಅದು ಬರೀ ಮಾತಾಗುತ್ತಿತ್ತು.

ಅಮೆರಿಕದ ಕಲಾವಿದ ಲಾರೆನ್ಸ್ ವೀನರ್ ಇನ್ನೂ ಮುಂದೆ ಹೋದರು. 1968ರಲ್ಲಿ ವರ್ಮಾಂಟಿನ ಒಂದು ಕಾಲೇಜಿನ ಬಯಲಿನಲ್ಲಿ ಗೂಟ ನೆಟ್ಟು ಹುರಿ ಕಟ್ಟಿದ್ದರು. ಓಡಾಡಲು ಅಡ್ಡವಾಯಿತೆಂದು ವಿದ್ಯಾರ್ಥಿಗಳು ಹುರಿ ಕತ್ತರಿಸಿದರು. ಅದನ್ನು ವಿವರಿಸುವ ಮಾತಷ್ಟೇ ಸಾಕಿತ್ತಲ್ಲ ಎಂದು ವೀನರ್‌ಗೆ ಅನ್ನಿಸಿತು. ಆಮೇಲೆ ಅವರು ಬರೆದ ನಿಯಮ ಹೀಗಿದೆ: ಕೃತಿಯನ್ನು ಕಲಾವಿದನೇ ಕಟ್ಟಬಹುದು, ಬೇರೆಯವರಿಂದ ಮಾಡಿಸಬಹುದು, ಕಟ್ಟದೆಯೂ ಇರಬಹುದು.

ಹೆಸರಿಗಷ್ಟೇ ಇರುವ ‘ಕಾಣದ ಕಲೆ’ಯೂ ಬೇಕಾದಷ್ಟಿದೆ. ಸೂಚನೆಯಲ್ಲಿ ಒಂದು ಮಾತು ಬದಲಿಸಿದರೂ ಏನೂ ವ್ಯತ್ಯಾಸವಾಗದಿದ್ದರೆ ನಾನು ಮುಂದಿನ ಕೋಣೆಗೆ ಹೋಗುತ್ತೇನೆ. ನೀವೂ ಸಂಕೋಚವಿಲ್ಲದೆ ಹೋಗಿ.

ಕೊನೆಗೆ ನಿಮ್ಮದೇ ಒಂದು ಬರೆಯಿರಿ. ಮೂರು ವಾಕ್ಯ ಮೀರಬೇಡಿ. ‘ಚೆಂದವಾಗಿ’, ‘ಮನಸ್ಸಿಟ್ಟು’ ಅನ್ನುವ ಮಾತು ಬೇಡ. ಎಷ್ಟು, ಎಲ್ಲಿ, ಯಾವುದರಿಂದ, ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಿರಲಿ. ಒಂದು ಕಡೆ ಮಾತ್ರ ಬೇಕೆಂದೇ ಜಾಗ ಬಿಡಿ, ಬಿಡಿಸುವವರು ತಾವೇ ತೀರ್ಮಾನಿಸುವಂತೆ. ಅದನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೊಡಿ. ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಮುಗಿದ ಮೇಲೆ ಹಾಳೆಯ ಹಿಂದೆ ತಾರೀಖು ಹಾಕಿ, ಸೂಚನೆ ಬರೆದವರ ಹೆಸರಿನ ಜೊತೆಗೆ ಬಿಡಿಸಿದವರ ಹೆಸರನ್ನೂ ಬರೆಯಿರಿ. ಲೆವಿಟ್ ಚಿತ್ರಗಳ ಪಕ್ಕದ ಫಲಕದಲ್ಲೂ ಮೊದಲ ಸಲ ಬಿಡಿಸಿದವರ ಹೆಸರು ಇರುತ್ತದೆ.