ಅಂಗನವಾಡಿ, ನರ್ಸರಿಯಲ್ಲಿ ಮಕ್ಕಳ ರಕ್ಷಣೆ: ಹೊಣೆ ಹೊತ್ತವರು ಏನೇನು ಮಾಡಬೇಕು?

ಮೂರು ವರ್ಷದ ಮಗು ತನಗಾದದ್ದನ್ನು ದೊಡ್ಡವರ ಹಾಗೆ ಕೂತು ಹೇಳುವುದಿಲ್ಲ. ಆಟದ ನಡುವೆ ಅರ್ಧ ಮಾತು ಹೇಳಿ ಓಡಿಹೋಗುತ್ತದೆ. ಕೆಲವು ಸಲ ಅದೂ ಇಲ್ಲ. ಊಟ ಬಿಡುತ್ತದೆ, ಮಧ್ಯಾಹ್ನ ಮಲಗುವುದಕ್ಕೆ ಹೆದರುತ್ತದೆ. ‘ಟೀಚರಿಗೆ ಗೊತ್ತಿರಬಹುದು’ ಅಂತ ಹೆಲ್ಪರ್, ‘ಮನೆಯವರಿಗೆ ಗೊತ್ತಿರಬಹುದು’ ಅಂತ ಟೀಚರ್ ಸುಮ್ನಿದ್ದರೆ ಆ ಮಾತು ಯಾರ ಕೈಗೂ ಸಿಗುವುದಿಲ್ಲ. ಮಕ್ಕಳ ಮೇಲೆ ಎಲ್ಲರಿಗೂ ಪ್ರೀತಿ ಇದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಪ್ರೀತಿಯ ಜೊತೆ ಒಂದು ಕ್ರಮವೂ ಬೇಕು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ನಡೆಸುವವರು ಪ್ರವೇಶೋತ್ಸವದ ಮೊದಲೇ ಮಾಡಿಕೊಳ್ಳಬಹುದಾದ ಕ್ರಮ ಇಲ್ಲಿದೆ.

1. ಒಬ್ಬರ ಹೆಸರು ಗೋಡೆಯ ಮೇಲೆ ಬರೆಯಿರಿ

ಇಂಗ್ಲೆಂಡಿನಲ್ಲಿ ಪ್ರತಿ ನರ್ಸರಿಯೂ ಮಕ್ಕಳ ರಕ್ಷಣೆಯ ಹೊಣೆಗೆ ಒಬ್ಬ ಸಿಬ್ಬಂದಿಯನ್ನು ಹೆಸರಿಸಲೇಬೇಕು ಎಂಬ ನಿಯಮ ಇದೆ. ನಮ್ಮಲ್ಲೂ ಹಾಗೆ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅಂಗನವಾಡಿಯಲ್ಲಾದರೆ ಟೀಚರ್, ಖಾಸಗಿ ನರ್ಸರಿಯಲ್ಲಾದರೆ ಮುಖ್ಯ ಶಿಕ್ಷಕಿ. ಪ್ರಾಜೆಕ್ಟ್ ಮೀಟಿಂಗಿಗೆ ಟೀಚರ್ ಹೋದ ದಿನ ಯಾರು ನೋಡಿಕೊಳ್ಳುತ್ತಾರೆ ಅನ್ನುವುದೂ ಗೊತ್ತಿರಬೇಕು. ಹಾಗಾಗಿ ಎರಡನೆಯ ಹೆಸರೂ ಬರೆಯಿರಿ.

ದೂರು ಈ ಹೊಣೆಗಾರರ ಮೇಲೆಯೇ ಬಂದರೆ? ಆಗ ಹೆಲ್ಪರ್ ಯಾರಿಗೆ ಹೇಳಬೇಕು? ಸೂಪರ್‌ವೈಸರ್, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಇಲ್ಲವೇ ನೇರವಾಗಿ ಮಕ್ಕಳ ಸಹಾಯವಾಣಿ 1098. ಈ ನಂಬರುಗಳು ಅಡುಗೆ ಕೋಣೆಯ ಗೋಡೆಯ ಮೇಲೂ ಇರಲಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆಲ್ಪರಿಗೆ ಇದನ್ನು ಬಾಯಿಬಿಟ್ಟು ಹೇಳಿ: ‘ನನ್ನ ಮೇಲೆ ಸಂಶಯ ಬಂದರೂ ನೀವು ಫೋನ್ ಮಾಡಬೇಕು ಅಕ್ಕ.’ ಹಾಗೆ ಹೇಳಿದ ಟೀಚರ್ ಮೇಲೆ ಎಲ್ಲರಿಗೂ ನಂಬಿಕೆ ಜಾಸ್ತಿಯಾಗುತ್ತದೆ.

2. ಕಟ್ಟಡವನ್ನು ಮಗುವಿನ ಎತ್ತರದಿಂದ ನೋಡಿ

ಮೊಣಕಾಲೂರಿ ಕೂತು ಒಂದು ಸುತ್ತು ನೋಡಿ. ಗ್ಯಾಸ್ ಒಲೆ ಕೈಗೆ ಸಿಗುತ್ತದಾ? ಗೇಟಿನ ಚಿಲಕ ಮಗುವಿಗೆ ತೆಗೆಯಲು ಬರುತ್ತದಾ? ಬಾವಿಗೆ ಕಟ್ಟೆ ಮಾತ್ರ ಸಾಲದು, ಬಲೆಯೂ ಬೇಕು. ಕರಾವಳಿಯ ಮಳೆಗಾಲದಲ್ಲಿ ಪಕ್ಕದ ತೋಡು ಒಂದೇ ಗಂಟೆಯಲ್ಲಿ ತುಂಬಿ ಹರಿಯುತ್ತದೆ. ತೋಟದ ಕೆರೆಗೆ, ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ನೀರು ಬೀಳುವ ಟ್ಯಾಂಕಿಗೆ ಬೇಲಿ ಇದೆಯಾ ನೋಡಿ. ಜಾಗ ಪಕ್ಕದವರದ್ದಾದರೆ ವಾರ್ಡ್ ಮೆಂಬರನ್ನು ಕರೆದುಕೊಂಡು ಹೋಗಿ ಮಾತಾಡಿ.

ಯಾರ ಕಣ್ಣಿಗೂ ಬೀಳದ ಮೂಲೆ ಎಲ್ಲಿದೆ ಎಂದೂ ನೋಡಿಕೊಳ್ಳಿ. ಶೌಚಾಲಯಕ್ಕೆ ಮಗುವನ್ನು ಕರೆದುಕೊಂಡು ಹೋಗುವವರು ಟೀಚರ್ ಅಥವಾ ಹೆಲ್ಪರ್ ಮಾತ್ರ. ಪೈಪ್ ರಿಪೇರಿಗೆ ಬಂದವರು, ಅಕ್ಕಿ ಇಳಿಸಲು ಬಂದವರು ಮಕ್ಕಳ ಜೊತೆ ಒಬ್ಬರೇ ಉಳಿಯಬಾರದು. ಎಷ್ಟೇ ಪರಿಚಯದವರಾದರೂ ಅಷ್ಟೇ.

3. ಮಗು ಯಾರ ಕೈಗೆ?

ನಮ್ಮ ಕಡೆ ಎಷ್ಟೋ ಮಕ್ಕಳ ಅಪ್ಪಂದಿರು ಗಲ್ಫ್‌ನಲ್ಲಿದ್ದಾರೆ. ಮಗುವನ್ನು ಕರೆದುಕೊಂಡು ಹೋಗಲು ಒಂದು ದಿನ ಅಜ್ಜಿ ಬರುತ್ತಾರೆ, ಒಂದು ದಿನ ಮಾವ, ಇನ್ನೊಂದು ದಿನ ಆಟೋದವರು. ಸೇರಿಸುವಾಗಲೇ ತಾಯಿಯ ಕೈಯಲ್ಲಿ ಪಟ್ಟಿ ಬರೆಸಿಕೊಳ್ಳಿ: ಹೆಸರು, ಫೋನ್ ನಂಬರು, ಸಾಧ್ಯವಾದರೆ ಫೋಟೋ. ಪಟ್ಟಿಯಲ್ಲಿ ಇಲ್ಲದವರು ಬಂದರೆ ತಾಯಿಗೆ ಫೋನ್ ಮಾಡದೆ ಮಗುವನ್ನು ಕೊಡಬೇಡಿ. ಬಂದವರು ಬೇಸರ ಮಾಡಿಕೊಂಡಾರು, ಮಾಡಿಕೊಳ್ಳಲಿ.

ವ್ಯಾನ್ ಇರುವ ನರ್ಸರಿಗಳು ಇಳಿದ ಮಕ್ಕಳನ್ನು ಎಣಿಸಬೇಕು. ಕೊನೆಯ ಸೀಟಿನವರೆಗೆ ಒಬ್ಬರು ನಡೆದು ನೋಡಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಕತಾರಿನಲ್ಲಿ ನಾಲ್ಕು ವರ್ಷದ ಮಲಯಾಳಿ ಮಗು ಶಾಲಾ ಬಸ್ಸಿನಲ್ಲಿ ನಿದ್ದೆ ಹೋಗಿತ್ತು. ಯಾರೂ ನೋಡದೆ ಬಾಗಿಲು ಹಾಕಿದರು. ಬಿಸಿಲಿಗೆ ಮಗು ಸತ್ತುಹೋಯಿತು. ಹಿಂದಿನ ಸೀಟಿನವರೆಗೆ ನಡೆಯುವುದಕ್ಕೆ ಅರ್ಧ ನಿಮಿಷ ಸಾಕು.

4. ಸೇರಿಸುವ ದಿನದಿಂದಲೇ ಗಮನ

ಓಡಾಡುವ ಮಗುವಿನ ಮೊಣಕಾಲು, ಹಣೆ, ಮೊಣಕೈಯಲ್ಲಿ ಗಾಯ ಇದ್ದೇ ಇರುತ್ತದೆ. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನು, ತೊಡೆಯ ಒಳಭಾಗದ ಗಾಯಕ್ಕೆ ಜಾಸ್ತಿ ಗಮನ ಕೊಡಿ. ಅಲ್ಲಿ ಆಟದಲ್ಲಿ ಗಾಯವಾಗುವುದು ಕಡಿಮೆ. ಹಾಗೆಯೇ ನಮ್ಮ ಅನೇಕ ಮಕ್ಕಳಿಗೆ ಬೆನ್ನಿನ ಕೆಳಗೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುತ್ತದೆ. ಅದನ್ನು ಸೇರಿಸುವಾಗಲೇ ತಾಯಿಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಆಮೇಲೆ ಪೆಟ್ಟು ಎಂದು ತಪ್ಪು ತಿಳಿಯುವುದು ಬೇಡ.

ಅಂಗನವಾಡಿಯಲ್ಲಿ ತೂಕದ ದಾಖಲೆ ಹೇಗೂ ಇದೆ. ಅದನ್ನು ಬರೀ ಲೆಕ್ಕಕ್ಕೆ ತುಂಬಬೇಡಿ. ಕಾಯಿಲೆ ಇಲ್ಲದೆ ತೂಕ ಇಳಿಯುತ್ತಿದ್ದರೆ ಮನೆಯಲ್ಲಿ ಏನೋ ಸರಿ ಇಲ್ಲದಿರಬಹುದು.

ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಊರುಗಳಲ್ಲಿ ಮಾತು ಬಾರದ, ನಡೆಯಲಾಗದ ಮಕ್ಕಳಿದ್ದಾರೆ. ಇಂಥ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯಲ್ಲಿ ಅವರ ಬಟ್ಟೆ ಬದಲಿಸುವುದು, ತೊಳೆಯುವುದು ಎಲ್ಲ ಬೇರೆಯವರ ಕೈಯಲ್ಲೇ. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಯಾರು, ಎಷ್ಟು ಹೊತ್ತಿಗೆ ಆ ಕೆಲಸ ಮಾಡಿದರು ಎಂಬುದನ್ನು ಪುಸ್ತಕದಲ್ಲಿ ಬರೆಯಲೇಬೇಕು.

‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಕಲಿಸುವುದು ಒಳ್ಳೆಯದೇ. ಆದರೆ ಮೂರು ವರ್ಷದ ಮಗುವಿನ ಮೇಲೆ ಅದರ ರಕ್ಷಣೆಯ ಭಾರವನ್ನೇ ಹೊರಿಸಬಾರದು, ಅಲ್ವಾ? ನೋಡಬೇಕಾದವರು ನಾವು.

5. ಮಗು ಹೇಳಿದಾಗ

ಇಲ್ಲಿ ಅವಸರ ಮಾಡಬೇಡಿ. ಮಗುವಿನ ಎತ್ತರಕ್ಕೆ ಕೂತು ಕೇಳಿ. ಮುಖದಲ್ಲಿ ಗಾಬರಿ ತೋರಿಸಬೇಡಿ. ‘ಮಾವ ಹೊಡೆದರಾ?’ ಎಂದು ಹೆಸರನ್ನು ನೀವೇ ಬಾಯಿಗೆ ಹಾಕಬೇಡಿ. ‘ಆಮೇಲೆ ಏನಾಯಿತು?’ ಅಷ್ಟೇ ಸಾಕು. ಹೇಳಿದ್ದನ್ನು ಮತ್ತೆ ಮತ್ತೆ ಹೇಳಿಸಬೇಡಿ. ಪಕ್ಕದ ಟೀಚರನ್ನು ಕರೆದು ‘ಇವರಿಗೂ ಹೇಳು’ ಎನ್ನುವುದಂತೂ ಬೇಡವೇ ಬೇಡ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಹೇಳಲೇಬೇಕಾಗುತ್ತದೆ. ‘ನೀನು ನನಗೆ ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ’ ಎಂದು ಹೇಳಿ.

ನಂತರ ಕೂಡಲೇ ಬರೆಯಿರಿ. ದಿನಾಂಕ, ಹೊತ್ತು, ಮಗು ಏನು ಮಾಡುತ್ತಿತ್ತು, ಏನು ಹೇಳಿತು, ನೀವು ಏನು ಕೇಳಿದಿರಿ. ನಮ್ಮ ಒಂದೇ ಕೋಣೆಯಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿರುತ್ತಾರೆ. ಮಗು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಶರೀರದ ಭಾಗಕ್ಕೆ ಮನೆಯಲ್ಲಿ ಹೇಳುವ ಹೆಸರನ್ನು ಬಳಸಿದರೆ ಅದನ್ನೂ ಹಾಗೆಯೇ ಬರೆಯಿರಿ, ನಾಚಿಕೆ ಬೇಡ. ನಿಮ್ಮ ಊಹೆಯನ್ನು ಆ ಹಾಳೆಯಲ್ಲಿ ಸೇರಿಸಬೇಡಿ. ಸಾಕ್ಷ್ಯ ಅಳಿಯದ ಹಾಗೆ ಮಗುವಿಗೆ ಸ್ನಾನ ಮಾಡಿಸಬೇಡಿ, ಬಟ್ಟೆ ತೊಳೆಯಬೇಡಿ. ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು ಮಗುವಿಗೆ ಇನ್ನೊಂದು ಪೆಟ್ಟು. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆ) ಪ್ರಕರಣದಲ್ಲಿ ಮಗುವಿನ ಗುರುತು ಬಯಲು ಮಾಡುವುದು ಅಪರಾಧವೂ ಹೌದು.

6. ವರದಿ: ನಿರ್ಧರಿಸುವ ಕೆಲಸ ನಿಮ್ಮದಲ್ಲ

‘ನಿಜವೋ ಅಲ್ಲವೋ ಎಂದು ವಿಚಾರಿಸಿ ನೋಡೋಣ’ ಎನ್ನುವ ಯೋಚನೆ ಬರುತ್ತದೆ. ಅದನ್ನು ಬಿಡಿ. 2012ರ ಪೋಕ್ಸೊ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ ಅಥವಾ ನಡೆಯಬಹುದೆಂಬ ಆತಂಕ ಇದ್ದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವರ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ.

ಊರಿನಲ್ಲಿ ಒತ್ತಡ ಬರುವುದು ಇದೇ ಹೊತ್ತಿಗೆ. ದೊಡ್ಡವರು ಬಂದು ‘ಮನೆತನದ ಮರ್ಯಾದೆ, ಕೂತು ಮಾತಾಡಿ ಮುಗಿಸೋಣ ಟೀಚರ್’ ಅನ್ನುತ್ತಾರೆ. ಇದು ರಾಜಿಯಲ್ಲಿ ಮುಗಿಯುವ ವಿಷಯ ಅಲ್ಲ. ಮೊದಲೇ ವರದಿ ಮಾಡಿಬಿಟ್ಟಿದ್ದರೆ ‘ಕಾನೂನು ಪ್ರಕಾರ ತಿಳಿಸಿ ಆಯಿತು’ ಎಂದು ಹೇಳಬಹುದು. ಸಂಶಯ ಮನೆಯವರ ಮೇಲೆಯೇ ಇದ್ದರೆ ಅವರಿಗೆ ಮೊದಲು ಹೇಳಬೇಡಿ. 1098ರವರನ್ನು ಅಥವಾ ಪೊಲೀಸರನ್ನು ಕೇಳಿ ಮುಂದುವರಿಯಿರಿ.

ಹೊಡೆತ, ನಿರ್ಲಕ್ಷ್ಯದಂಥ ವಿಷಯಕ್ಕೂ 1098 ಇದೆ. ಹಗಲೂ ರಾತ್ರಿಯೂ ಉಚಿತ. ಜೀವಕ್ಕೇ ಅಪಾಯ ಇದ್ದರೆ ತುರ್ತು ಸಹಾಯದ ನಂಬರು 112.

ಭಾಷೆಯ ಹೆದರಿಕೆ ಬೇಡ. ಜಿಲ್ಲೆಯ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ಬರೆದುಕೊಳ್ಳುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕು ಎಂದು ಪೋಕ್ಸೊ ಕಾಯಿದೆಯಲ್ಲೇ ಇದೆ. ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ ಹೇಳಿಕೆ ತೆಗೆದುಕೊಳ್ಳಬೇಕು. ಆಗ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಇದನ್ನೆಲ್ಲ ತಾಯಿಗೆ ನೀವೇ ಹೇಳಿ, ಅವರ ಅರ್ಧ ಹೆದರಿಕೆ ಹೋಗುತ್ತದೆ.

7. ಮರುದಿನದಿಂದ

ಮಗು ಮತ್ತೆ ಬಂದಾಗ ಎಲ್ಲರ ಹಾಗೆಯೇ ಹಾಡಲಿ, ಆಡಲಿ. ವಿಶೇಷ ಕನಿಕರ ಬೇಡ. ಬರೆದ ಹಾಳೆ ಬೀಗ ಹಾಕಿದ ಕಪಾಟಿನಲ್ಲಿರಲಿ. ಆರೋಪ ಸಿಬ್ಬಂದಿಯ ಮೇಲಿದ್ದರೆ ತನಿಖೆ ಮುಗಿಯುವವರೆಗೆ ಅವರು ಮಕ್ಕಳ ಹತ್ತಿರ ಇರಬಾರದು. ಹೊಸಬರನ್ನು ಸೇರಿಸುವಾಗ ಪೊಲೀಸ್ ಕ್ಲಿಯರೆನ್ಸ್ ಕೇಳಿ. ಮೊದಲು ಕೆಲಸ ಮಾಡಿದ ಕಡೆಗೂ ಒಂದು ಫೋನ್ ಮಾಡಿ.

ತಿಂಗಳಿಗೊಮ್ಮೆ ಟೀಚರ್, ಹೆಲ್ಪರ್ ಇಬ್ಬರೂ ಕೂತು, ಗಮನಿಸಿದ್ದನ್ನು ಬರೆದಿಟ್ಟ ಪುಸ್ತಕ ತೆರೆಯಿರಿ. ಒಂದೇ ಮಗುವಿನ ಹೆಸರು ಮೂರು ಕಡೆ ಕಂಡರೆ ಅವತ್ತೇ ಮಾತಾಡಿ. ಕರೆದುಕೊಂಡು ಹೋಗುವವರ ಪಟ್ಟಿಯ ನಂಬರುಗಳಿಗೆ ಒಂದು ಸಲ ಫೋನ್ ಮಾಡಿ ನೋಡಿ, ಬದಲಾಗಿದ್ದರೆ ತಿದ್ದಿ.