ಯಂತ್ರ ಬರುವ ಮೊದಲು ಹೇಗಿತ್ತು? ಕಂಪೋಸಿಶನ್ ತರಗತಿಯ ನನ್ನ ಅನುಭವ

ಅಮೆರಿಕದ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದಲಿ, ನರ್ಸಿಂಗ್ ಓದಲಿ, ಮೊದಲ ವರ್ಷ ಬಹುತೇಕ ಎಲ್ಲರೂ ಒಂದು ಬರವಣಿಗೆ ಕೋರ್ಸ್ ಮುಗಿಸಲೇಬೇಕು. ಅದನ್ನು ಕಂಪೋಸಿಶನ್ ಅನ್ನುತ್ತಾರೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪಾಠ ಮಾಡುವವರಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೂ ತುಂಬಾ ಜನ ಇರುತ್ತಾರೆ. ಮಿಡ್‌ವೆಸ್ಟ್‌ನಲ್ಲಿ ಓದುವಾಗ ನನಗೂ ಅಂಥದ್ದೊಂದು ಸೆಕ್ಷನ್ ಸಿಕ್ಕಿತು. ತಂತ್ರಜ್ಞಾನದ ಬಗ್ಗೆ ಬಂದ ಒಂದು ಲೇಖನ ಓದಿ, ಅದರ ವಾದವನ್ನು ಹೇಗೆ ಕಟ್ಟಿದ್ದಾರೆ ಅಂತ ಬಿಡಿಸಿ ಬರೆಯುವುದೇ ಆ ಸೆಮಿಸ್ಟರ್‌ನ ದೊಡ್ಡ ಅಸೈನ್‌ಮೆಂಟ್.

ಫೋನ್ ಎಲ್ಲರ ಕೈಯಲ್ಲೂ ಇದೆ, ಅದರ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇದೆ. ಕಷ್ಟ ಇರುವುದೇ ಅಲ್ಲಿ. ಲೇಖಕರು ಏನು ಮಾಡಿದ್ದಾರೆ ಅಂತ ಕೇಳಿದರೆ, ‘ನಾನು ಒಪ್ಪುತ್ತೇನೆ’ ಅಥವಾ ‘ಒಪ್ಪುವುದಿಲ್ಲ’ ಅಂತ ಉತ್ತರ ಬರುತ್ತದೆ. ನಮ್ಮ ಶಾಲೆಗಳಲ್ಲಿ ‘ವಿಜ್ಞಾನ ವರವೋ ಶಾಪವೋ’ ಅಂತ ಭಾಷಣ ಸ್ಪರ್ಧೆ ಇಡುತ್ತಾರಲ್ಲ, ಕೊನೆಗೆ ‘ಎಲ್ಲ ಬಳಸುವವರ ಕೈಯಲ್ಲಿದೆ’ ಅಂತ ಮುಗಿಸುವುದು ರೂಢಿ. ಅಲ್ಲಿನ ಹುಡುಗರ ಮೊದಲ ಡ್ರಾಫ್ಟ್‌ಗಳೂ ಅಲ್ಲಿಗೇ ಬಂದು ನಿಲ್ಲುತ್ತಿದ್ದವು.

ನಾನು ಆರಿಸಿಕೊಂಡದ್ದು ಅಮೆರಿಕದ ಲೇಖಕ ನಿಕೋಲಸ್ ಕಾರ್ ಅವರ ಲೇಖನ. 2008ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಜುಲೈ-ಆಗಸ್ಟ್ ಸಂಚಿಕೆಯಲ್ಲಿ ಬಂದದ್ದು. ಗೂಗಲ್ ನಮ್ಮನ್ನು ದಡ್ಡರನ್ನಾಗಿ ಮಾಡುತ್ತಿದೆಯೇ ಎಂಬುದು ಅದರ ಪ್ರಶ್ನೆ. ಹಳೆಯದಾದರೂ ಪಾಠಕ್ಕೆ ಬಹಳ ಒಳ್ಳೆಯದು. ತನ್ನ ವಾದಕ್ಕೆ ಪುರಾವೆ ಎಲ್ಲಿ ಸಾಲದು ಅಂತ ಕಾರ್ ಅವರೇ ಹೇಳುತ್ತಾರೆ. ಸುಮ್ನೆ ಬೈಯುವ ಲೇಖನ ಕೊಟ್ಟರೆ ವಿದ್ಯಾರ್ಥಿಗಳು ತಪ್ಪು ಹುಡುಕುವುದನ್ನಷ್ಟೇ ಕಲಿಯುತ್ತಾರೆ.

ಮೊದಲು ಅಂಚಿನಲ್ಲಿ ಟಿಪ್ಪಣಿ ಹಾಕಿಸಿದೆ. ಪ್ರತಿ ಪ್ಯಾರಾದ ಎಡಗಡೆ, ಅದು ಏನು ಹೇಳುತ್ತದೆ. ಬಲಗಡೆ, ಅದು ಏನು ಕೆಲಸ ಮಾಡುತ್ತದೆ. ‘ಮೊದಲಿನ ಹಾಗೆ ಉದ್ದದ ಪುಸ್ತಕ ಓದಲು ಆಗುತ್ತಿಲ್ಲ ಅನ್ನುತ್ತಾರೆ’ ಎಂಬುದು ಎಡಗಡೆಯ ಮಾತು. ‘ತನ್ನ ಕಷ್ಟ ಹೇಳಿಕೊಂಡು ಓದುಗನ ನಂಬಿಕೆ ಗಳಿಸುತ್ತಾರೆ’ ಎಂಬುದು ಬಲಗಡೆಯ ಮಾತು. ಬಲಗಡೆ ತುಂಬಿಸಲು ಸಮಯ ಹಿಡಿಯುತ್ತದೆ. ಆದರೆ ಸಾರಾಂಶ ಬರೆಯುವ ಅಭ್ಯಾಸ ಬಿಡುವುದು ಅದನ್ನು ತುಂಬಿಸುವಾಗಲೇ.

ಆಮೇಲೆ ಸ್ಟೀಫನ್ ಟೂಲ್ಮಿನ್. 1958ರಲ್ಲಿ ಈ ಬ್ರಿಟಿಷ್ ತತ್ವಜ್ಞಾನಿ ವಾದವನ್ನು ಬಿಡಿಸಿ ನೋಡಲು ಒಂದು ಸರಳ ಮಾದರಿ ಕೊಟ್ಟರು. ಹ್ಯಾರಿ ಹುಟ್ಟಿದ್ದು ಬರ್ಮುಡಾದಲ್ಲಿ, ಆದ್ದರಿಂದ ಅವನು ಬ್ರಿಟಿಷ್ ಪ್ರಜೆ. ಮೊದಲನೆಯದು ಆಧಾರ, ಎರಡನೆಯದು ವಾದ. ‘ಬರ್ಮುಡಾದಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳು’ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಅದಿಲ್ಲದೆ ಆಧಾರದಿಂದ ವಾದಕ್ಕೆ ಬರಲು ಆಗುವುದಿಲ್ಲ. ಅದನ್ನು ಟೂಲ್ಮಿನ್ ವಾರಂಟ್ ಅಂದರು. ಕಾರ್ ಲೇಖನದಲ್ಲಿ ವಾರಂಟ್ ಇಷ್ಟು: ಓದುವ ಸಾಧನ ಬದಲಾದರೆ ಓದುವವರ ಯೋಚನೆಯೂ ಬದಲಾಗುತ್ತದೆ.

ಇದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ನೀಚೆ ಅವರದು ಬಹಳ ಚೆನ್ನಾಗಿದೆ. 1882ರಲ್ಲಿ ಆ ಜರ್ಮನ್ ತತ್ವಜ್ಞಾನಿ ಒಂದು ಟೈಪ್‌ರೈಟರ್ ಕೊಂಡರು. ಕಣ್ಣು ಮಂಜಾಗುತ್ತಿತ್ತು. ಪುಟದ ಮೇಲೆ ದೃಷ್ಟಿ ನಿಲ್ಲಿಸಿದರೆ ತಲೆನೋವು. ಯಂತ್ರದಿಂದ ಮತ್ತೆ ಬರೆಯುವ ಹಾಗಾಯಿತು. ಆದರೆ ಬರವಣಿಗೆಯ ಶೈಲಿ ಬದಲಾಯಿತು, ಇನ್ನಷ್ಟು ಚುಟುಕಾಯಿತು ಅನ್ನುತ್ತಾರೆ ಕಾರ್. ಓದಿದ ತಕ್ಷಣ ಹೌದು ಅನ್ನಿಸುವ ಕಥೆ ಇದು.

ನಾನು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: ಯಂತ್ರ ಬರುವ ಮೊದಲು ಹೇಗಿತ್ತು? ನರ್ಸಿಂಗ್ ಓದುತ್ತಿದ್ದ ಒಬ್ಬಳು ಕೈಯೆತ್ತಿದಳು. ‘ಅಷ್ಟು ಹುಷಾರಿಲ್ಲದವರು ಯಂತ್ರ ಇಲ್ಲದಿದ್ದರೂ ಚಿಕ್ಕದಾಗೇ ಬರೆಯುತ್ತಾರೆ ಅಲ್ವಾ?’ ಅಂದಳು. ಇನ್ನೊಬ್ಬ ಲೈಬ್ರರಿಗೆ ಹೋಗಿ ನೀಚೆ ಪುಸ್ತಕಗಳ ವರ್ಷಗಳನ್ನು ನೋಡಿಕೊಂಡು ಬಂದ. ತುಣುಕು ತುಣುಕಾಗಿ ಬರೆಯುವ ಶೈಲಿ 1878ರ ಅವರ ಪುಸ್ತಕದಲ್ಲೇ ಇತ್ತು. ಅಂದರೆ ಟೈಪ್‌ರೈಟರ್‌ಗಿಂತ ನಾಲ್ಕು ವರ್ಷ ಮೊದಲೇ. ಹಾಗಿದ್ದರೆ ಯಂತ್ರ ಶೈಲಿಯನ್ನು ಹುಟ್ಟಿಸಲಿಲ್ಲ. ಹೆಚ್ಚೆಂದರೆ ಇದ್ದ ಶೈಲಿಯನ್ನು ಇನ್ನಷ್ಟು ಬಿಗಿ ಮಾಡಿತು. ಕಾರ್ ಹೇಳುವುದೂ ಅಷ್ಟನ್ನೇ ಇರಬಹುದು. ಆದರೆ ಅವರ ವಾದಕ್ಕೆ ಬೇಕಾದದ್ದು ಅದಕ್ಕಿಂತ ದೊಡ್ಡ ಬದಲಾವಣೆ.

ಇದೇ ಪ್ರಶ್ನೆಯನ್ನು ಲೇಖನದ ಇನ್ನೊಂದು ಆಧಾರಕ್ಕೂ ಕೇಳಿದೆವು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರ ಅಧ್ಯಯನದ ಪ್ರಕಾರ, ಸಂಶೋಧನಾ ಲೇಖನಗಳ ವೆಬ್‌ಸೈಟ್‌ಗೆ ಬಂದವರು ಒಂದೆರಡು ಪುಟ ನೋಡಿ ಮುಂದಿನದಕ್ಕೆ ಜಿಗಿಯುತ್ತಿದ್ದರು. ಸರಿ, ಕಾಗದದ ಜರ್ನಲ್ ಇದ್ದಾಗ ಎಲ್ಲರೂ ಪೂರ್ತಿ ಓದುತ್ತಿದ್ದರೇ? ಹೋಲಿಸಲು ಲೇಖನದಲ್ಲಿ ಏನೂ ಇಲ್ಲ.

ಇಲ್ಲಿಗೆ ಬಂದ ಕೂಡಲೇ ವಿದ್ಯಾರ್ಥಿಗಳು ‘ಹಾಗಾದರೆ ವಾದ ಸುಳ್ಳು’ ಅಂತ ಮುಗಿಸಲು ಹೊರಡುತ್ತಾರೆ. ಅಲ್ಲಿ ಅವರನ್ನು ತಡೆಯುವುದು ನನಗೆ ಬಹಳ ಮುಖ್ಯ. ಒಂದು ಉದಾಹರಣೆ ಬಿದ್ದ ಮೇಲೆ ಏನು ಉಳಿಯಿತು ನೋಡಿ ಅನ್ನುತ್ತೇನೆ. ಓದಿನ ಬಗ್ಗೆ ಸಂಶೋಧನೆ ಮಾಡುವ ಮೇರಿಯಾನ್ ವುಲ್ಫ್ ಅವರ ಮಾತನ್ನೂ ಕಾರ್ ಬಳಸುತ್ತಾರೆ, ಅದು ಉಳಿಯುತ್ತದೆ: ಓದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು, ಆದ್ದರಿಂದ ಹೇಗೆ ಓದುತ್ತೇವೆ ಎಂಬುದು ಮಿದುಳಿಗೂ ಮುಖ್ಯ. ನೀಚೆ ಕಥೆ ಇಲ್ಲದೆಯೂ ಅದು ನಿಲ್ಲುತ್ತದೆ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಗಟ್ಟಿಯಾದ ಭಾಗ ಅದು.

ಆಮೇಲೆ ಎದುರು ಪಕ್ಷದ ಲೇಖನ ಕೊಟ್ಟೆ. ಮನೋವಿಜ್ಞಾನಿ ಸ್ಟೀವನ್ ಪಿಂಕರ್ 2010ರ ಜೂನ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದದ್ದು. ಹೊಸ ಮಾಧ್ಯಮ ಬಂದಾಗಲೆಲ್ಲ ಜನ ಗಾಬರಿಯಾಗಿದ್ದಾರೆ ಅನ್ನುತ್ತಾರೆ ಅವರು. 1950ರ ದಶಕದಲ್ಲಿ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಎಂಬ ಕೂಗಿತ್ತು, ಅದೇ ಹೊತ್ತಿಗೆ ಅಪರಾಧ ಇಳಿಯುತ್ತಿತ್ತು. ಇಮೇಲ್, ಪವರ್‌ಪಾಯಿಂಟ್ ಬಂದ ಮೇಲೂ ವಿಜ್ಞಾನ ಮುಂದೆ ಹೋಗುತ್ತಲೇ ಇದೆ. ಹಿಂದಿನ ಕಾಲದ ಜೊತೆ ಹೋಲಿಸುತ್ತಾರೆ, ಅದು ಪಿಂಕರ್ ಅವರ ಬಲ. ಆದರೆ ವಿಜ್ಞಾನಿಗಳು ವರ್ಷಗಟ್ಟಲೆ ಏಕಾಗ್ರತೆಯ ತರಬೇತಿ ಪಡೆದವರು. ಅವರಿಂದ ಹದಿನೆಂಟರ ಹುಡುಗರ ಬಗ್ಗೆ ಎಷ್ಟು ಹೇಳಬಹುದು? ಅದನ್ನೂ ಬರೆಯಿರಿ ಅಂದೆ. ಒಂದು ಪಕ್ಷಕ್ಕೆ ಹಾಕಿದ ಪರೀಕ್ಷೆಯನ್ನು ಇನ್ನೊಂದಕ್ಕೂ ಹಾಕಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡಲಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೂ ಇದೇ ಅಸೈನ್‌ಮೆಂಟ್ ಕೊಡುತ್ತೇನೆ. ಒಂದು ಬದಲಾವಣೆ ಅಂದರೆ, ಎರಡನೇ ಲೇಖನವನ್ನು ವಿದ್ಯಾರ್ಥಿಗಳೇ ಆರಿಸಿ ತರುತ್ತಾರೆ. ಇಡೀ ಲೇಖನ ವಿಶ್ಲೇಷಿಸಿ ಅನ್ನುವುದಿಲ್ಲ, ಹಾಗಂದರೆ ಮತ್ತೆ ಸಾರಾಂಶವೇ ಬರುತ್ತದೆ. ಅದರಲ್ಲಿ ಒಂದೇ ಒಂದು ಉದಾಹರಣೆ ಹಿಡಿದು ಎರಡು ಪುಟ ಬರೆಯಬೇಕು: ಲೇಖಕರು ಅದನ್ನು ಎಲ್ಲಿಂದ ತಂದರು, ಅದರಿಂದ ಏನು ಸಾಧಿಸಬೇಕು ಅಂದುಕೊಂಡಿದ್ದಾರೆ, ಯಂತ್ರ ಬರುವ ಮೊದಲು ಆ ಸಂಗತಿ ಹೇಗಿತ್ತು. ಮೂರನೆಯದಕ್ಕೆ ಉತ್ತರ ಲೇಖನದೊಳಗೆ ಸಿಗುವುದೇ ಕಡಿಮೆ. ಹಾಗಾಗಿ ಅವರು ಹೊರಗೆ ಹೋಗಿ ಹುಡುಕುತ್ತಾರೆ.